ಕುಂಟೆಯನ್ನು ಬಿಸಿಲಿನಲ್ಲಿ ಅಳೆದವಳು

ಮಳೆನೀರು ನಿಲ್ಲುವ ಹೊಂಡಕ್ಕೆ ನಮ್ಮ ಕಡೆ ಕುಂಟೆ ಅಂತಾರೆ. ಒಣಗಿದ ಕುಂಟೆಯನ್ನು ‘ಖಾಲಿ ಜಾಗ’ ಎಂದು ಬರೆಯುವುದು ನಮ್ಮ ಕಚೇರಿಯಲ್ಲಿ ತಪ್ಪಲ್ಲ, ರೂಢಿ. ನಾವು ಊರುಗಳಿಗೆ ಚರಂಡಿಯ ನಕ್ಷೆ ಮಾಡಿಕೊಡುವವರು. ಸರ್ವೆಯೆಲ್ಲ ಬೇಸಿಗೆಯಲ್ಲೇ ಮುಗಿಸುತ್ತೇವೆ, ಕೆಸರು ತುಳಿಯುವ ತಾಪತ್ರಯವಿಲ್ಲ. ಮಳೆನೀರು ಎಲ್ಲಿಗೆ ಹೋಗಬೇಕೆಂದು ಮಳೆಯ ಮುಖ ನೋಡದೆಯೇ ಬಳ್ಳಾರಿಗೆ ಹೇಳಿಕೊಡುವ ಜಾಣರು ನಾವು.

ಬೈಯುವಾಗ ನನ್ನನ್ನು ಬಿಟ್ಟು ಬೈಯಲಾರೆ. ಚಿಗವ್ವನ ಓಣಿಯ ತುದಿಯ ಕುಂಟೆಯನ್ನು ಅಳೆದವಳು ನಾನೇ. ಅವ್ವನ ತಂಗಿ ಆಕೆ, ಕುರುಗೋಡಿನಿಂದ ಮದುವೆಯಾಗಿ ಬಂದವಳು. ಆ ಓಣಿಗೆ ಯುಗಾದಿಗೊಮ್ಮೆ ಹೋಗಿ ಹೋಳಿಗೆ ತಿಂದು ಬರುತ್ತಿದ್ದೆನೇ ಹೊರತು ಮಳೆಗಾಲದಲ್ಲಿ ಎಂದೂ ಹೋದವಳಲ್ಲ. ಅಳತೆಗೆ ಹೋದದ್ದು ಏಪ್ರಿಲ್ ಮಧ್ಯಾಹ್ನ. ನೆಲ ಬಿರುಕು ಬಿಟ್ಟಿತ್ತು, ಜಾಲಿ ಬೆಳೆದಿತ್ತು, ಆಡುಗಳು ಮೇಯುತ್ತಿದ್ದವು. ನೆರಳಿಗೆ ಓಡುವ ಅವಸರದಲ್ಲಿ ‘ಖಾಲಿ ಜಾಗ’ ಎಂದು ಬರೆದು ಸಹಿ ಹಾಕಿದೆ.

ಪಟ್ಟಣದಲ್ಲೇ ಹುಟ್ಟಿ ಬೆಳೆದವಳಾಗಿದ್ದರೆ ಕ್ಷಮೆಯಿತ್ತೇನೋ. ನಮ್ಮದು ಸಿರುಗುಪ್ಪದ ಆಚೆ, ರಾರಾವಿ ಕಡೆ. ಭತ್ತದ ನಾಟಿಗೆ ಮುಂಚೆ ಅಪ್ಪ ಗದ್ದೆಗೆ ನೀರು ಕಟ್ಟಿ ಬದುವಿನ ಮೇಲೆ ಕೂತು ನೋಡುತ್ತಿದ್ದ. ನೀರು ನಿಂತದ್ದು ತಗ್ಗು, ಮಣ್ಣು ಕಂಡದ್ದು ದಿಬ್ಬ. ಆಮೇಲೆ ಹಲಗೆ ಎಳೆದು ಸಮ ಮಾಡುವುದು. ಒಣ ಗದ್ದೆ ನೋಡಿ ಮಟ್ಟ ಹೇಳುವವನನ್ನು ಅವನು ರೈತನೆಂದೇ ಒಪ್ಪುತ್ತಿರಲಿಲ್ಲ. ಅಂಥವನ ಮಗಳು ನಾನು, ಮೇಲೆ ಡಿಪ್ಲೊಮಾ ಬೇರೆ.

ನಮ್ಮ ವರದಿಯ ಮುಖಪುಟ ನೋಡಬೇಕು! ತಾವರೆ ಅರಳಿದ ಕೊಳದ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ‘ನಿಸರ್ಗವೇ ಪರಿಹಾರ’. ಒಳಗಿನ ಹಾಳೆಯಲ್ಲಿ ಚಿಗವ್ವನ ಓಣಿಯ ಕುಂಟೆಗೆ ಮಣ್ಣು ತುಂಬಿ, ಮೇಲೆ ಟೈಲ್ಸ್ ಹಾಕಿದ ಉದ್ಯಾನ. ಇದ್ದ ಕುಂಟೆಯನ್ನು ಹೂತು ಇಲ್ಲದ ಕೊಳದ ಚಿತ್ರ ಅಂಟಿಸಲು ನಮಗೆ ನಾಚಿಕೆಯಾಗಲಿಲ್ಲ.

ಟಿಪ್ಪರ್‌ಗಳು ಬಂದು ಮಣ್ಣು ಸುರಿದವು. ಮೊದಲ ದೊಡ್ಡ ಮಳೆಗೇ, ಕುಂಟೆಗೆ ಇಳಿಯಬೇಕಿದ್ದ ನೀರು ಒಳಚರಂಡಿಗೆ ನುಗ್ಗಿತು. ಒಳಚರಂಡಿ ಅದನ್ನೆಲ್ಲ ಚಿಗವ್ವನ ಸಂಡಾಸಿನ ಮೂಲಕ ಅಡುಗೆಮನೆಯ ತನಕ ಕಕ್ಕಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರೆ. ನಾನು ಎರಡಕ್ಕೂ ಮಾರಿಯಾದೆ.

ಮೂರ್ನಾಲ್ಕು ಮಳೆಯಾದ ಮೇಲೆ ನನಗೆ ಸುದ್ದಿ ಮುಟ್ಟಿತು. ಆ ದಿನವೇ ಕಚೇರಿಯ ಹಿರಿಯರ ಮುಂದೆ ನಿಂತೆ. ಅದು ಕುಂಟೆ, ಮಣ್ಣು ತೆಗೆಸಬೇಕು, ಅಂಚಿಗೆ ನೀರು ಸೋಸುವ ಜಂಬುಹುಲ್ಲು ನೆಟ್ಟು ಮಳೆನೀರನ್ನು ಅಲ್ಲಿಗೇ ತಿರುಗಿಸಬೇಕು ಎಂದೆ. ಮಂಜೂರಾದ ನಕ್ಷೆಯನ್ನು ಯಾರೂ ತಿದ್ದುವುದಿಲ್ಲ ಎಂದು ಅವರು ಸಮಾಧಾನವಾಗಿ ವಿವರಿಸಿದರು. ಹಟ ಹಿಡಿದಾಗ ಹಾಳೆ ತೆಗೆದು ಬೆರಳಿಟ್ಟು ತೋರಿಸಿದರು.

“ಸಹಿ ನಿಂದೇ ಐತಲ್ಲಮ್ಮ.”

ಆ ಬೆರಳನ್ನು ಕಚ್ಚಿಬಿಡುವಷ್ಟು ಸಿಟ್ಟು ಬಂತು. ಸಹಿ ನನ್ನದೇ ಆಗಿತ್ತು, ಏನು ಮಾಡಲಿ? ಸಂಜೆ ನೇರ ಚಿಗವ್ವನ ಮನೆಗೆ ಹೋದೆ.

ನೆಲ ತೊಳೆದು ಫಿನಾಯಿಲ್ ಹಾಕಿದ್ದರೂ ವಾಸನೆ ಹೋಗಿರಲಿಲ್ಲ. ಸಂಡಾಸಿನ ಬಾಯಿಗೆ ಪ್ಲಾಸ್ಟಿಕ್ ಸುತ್ತಿದ ಮರಳಿನ ಚೀಲ ಒತ್ತಿಟ್ಟಿದ್ದಳು. ಮೋಡ ಕಟ್ಟಿತೆಂದರೆ ಇಡುವುದು, ಚರಂಡಿಯ ನೀರು ಇಳಿದ ಮೇಲೆ ತೆಗೆಯುವುದು. ಈಗ ಓಣಿಯ ಎಲ್ಲ ಮನೆಗಳಲ್ಲೂ ಹೀಗೇ ಎಂದಳು. ಕುಂಟೆ ಮುಚ್ಚಿಸಿದವರ ವಂಶಕ್ಕೆಲ್ಲ ಶಾಪ ಹಾಕುತ್ತಲೇ ನನಗೆ ಚಹಾ ತಂದಿಟ್ಟಳು. ಒಂದೇ ಕಪ್ಪು. ನೀನೂ ಕುಡಿ ಎಂದೆ.

“ನನಗ ಬ್ಯಾಡವಾ, ಮೋಡ ಆಗೈತಿ. ಮಳಿ ಬರೋ ದಿನ ಚಾ, ನೀರು ಎರಡೂ ಬಿಟ್ಟೀನಿ. ಕುಡುದ್ರ ಆಮ್ಯಾಲ ಎಲ್ಲಿಗೆ ಹೋಗ್ಲಿ?”

ಅರವತ್ತು ದಾಟಿದ ಹೆಂಗಸು ಬಾಯಾರಿ ಕೂತಿದ್ದಳು. ಇನ್ನು ತಡೆಯಲಾಗಲಿಲ್ಲ.

“ಅಳತಿ ಮಾಡಿದಾಕಿ ನಾನ, ಚಿಗವ್ವ.”

ಅವಳು ಬೈಯಲಿಲ್ಲ. ಕಪ್ಪನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿದಳು.

“ನೀ ಕುಡಿ. ನಿನ್ನ ಮನ್ಯಾಗ ಸಂಡಾಸ ಐತಲ್ಲ.”