ಎಂಟು ಅಂಕಿಯ ಪರಿಪೂರ್ಣ ಸಂಖ್ಯೆ

ಮುದ್ರಣಾಲಯದಲ್ಲಿ ಎಲ್ಲರೂ ಅವಳನ್ನು ನಂಬರಕ್ಕ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷಗಳಿಂದ ಅವಳದು ಒಂದೇ ಕೆಲಸ: ಬಸ್ ಟಿಕೆಟ್‌ಗಳ ಮೇಲೆ ಕ್ರಮಸಂಖ್ಯೆ ಒತ್ತುವುದು. ಪೆಡಲ್ ತುಳಿದರೆ ಅಚ್ಚು ಬೀಳುತ್ತದೆ, ಚಕ್ರ ಉರುಳಿ ಮುಂದಿನ ಸಂಖ್ಯೆ ಬರುತ್ತದೆ. ನೋಡುವವರಿಗೇ ಆಕಳಿಕೆ ಬರುವ ಕೆಲಸ. ಅವಳಿಗೆ ಮಾತ್ರ ಬೇಸರವೇ ಇರಲಿಲ್ಲ. ಅದಕ್ಕೆ ಕಾರಣ ಅವಳ ಅತ್ತೆ.

ಅತ್ತೆ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಸೊಸೆ ಮನೆಗೆ ಬಂದ ವಾರವೇ ಬಟಾಣಿ ಸುಲಿಯುತ್ತಾ ಪಾಠ ಶುರುಮಾಡಿದ್ದರು.

"ಆರನ್ನ ಯಾವ್ಯಾವ ಸಂಖ್ಯೆ ಪೂರ್ತಿ ಭಾಗಿಸುತ್ತೆ? ಆರನ್ನ ಬಿಟ್ಟು ಹೇಳು."

"ಒಂದು, ಎರಡು, ಮೂರು."

"ಕೂಡು."

"ಅಯ್ಯೋ, ಆರೇ ಬಂತಲ್ಲ!"

"ಅದಕ್ಕೇ ಅದು ಪರಿಪೂರ್ಣ ಸಂಖ್ಯೆ. ಎಂಟಕ್ಕೆ ಹೀಗೇ ಮಾಡಿದ್ರೆ ಏಳು ಬರುತ್ತೆ, ಒಂದು ಕಡಿಮೆ. ಹನ್ನೆರಡಕ್ಕೆ ಹದಿನಾರು, ಅದು ತುಂಬಿ ತುಳುಕೋ ಸಂಖ್ಯೆ. ಸರಿಯಾಗಿ ಕೂಡಿ ಬರೋವು ತೀರಾ ಅಪರೂಪ ಕಣೇ."

ಅಂದಿನಿಂದ ನಂಬರಕ್ಕ ಪೆಡಲ್ ತುಳಿಯುತ್ತಲೇ ಸಂಖ್ಯೆಗಳನ್ನು ಒಡೆದು ನೋಡತೊಡಗಿದಳು.

ಒಂದು ಸೋಮವಾರ ಸಂಜೆ ಅವಳು ಏದುಸಿರು ಬಿಡುತ್ತಾ ಮನೆಗೆ ಬಂದಳು. "ಅತ್ತೆ, ನಾಳೆ ಮೂರು ಕೋಟಿ ಮೂವತ್ತೈದು ಲಕ್ಷದ ಐವತ್ತು ಸಾವಿರ ದಾಟ್ತೀವಿ. ಅದರ ಮೇಲಿನ ಮುನ್ನೂರ ಮೂವತ್ತಾರು ನನ್ನ ಕೈಯಲ್ಲೇ ಬೀಳುತ್ತೆ!"

ಅತ್ತೆ ಕನ್ನಡಕ ತೆಗೆದರು. "ಐದನೇ ಪರಿಪೂರ್ಣ ಸಂಖ್ಯೆ! ನಾನೂ ಬರ್ತೀನಿ."

"ಈ ಮಂಡಿನೋವಲ್ಲಿ ಅಷ್ಟು ಮೆಟ್ಟಿಲು ಹತ್ತೋಕಾಗುತ್ತಾ?"

"ಆರನೇದಕ್ಕೆ ಹತ್ತು ಅಂಕಿ ಬೇಕು. ನಿನ್ನ ಮಷೀನಿಗಿರೋದು ಎಂಟೇ ಚಕ್ರ. ಇನ್ಯಾವಾಗ ನೋಡ್ಲಿ?"

ಮರುದಿನ ಅತ್ತೆ ಮುದ್ರಣಾಲಯದ ಮೆಟ್ಟಿಲ ಕಂಬಿ ಹಿಡಿದು ಮೇಲೆ ಬಂದದ್ದನ್ನು ಕಂಡು ಫೋರ್‌ಮನ್ ತಲೆ ಕೆರೆದುಕೊಂಡರು. "ಬರೀ ಒಂದು ನಂಬರ್ ನೋಡೋಕಾ, ಅಮ್ಮಾ?"

ಅತ್ತೆ ರದ್ದಿ ಹಾಳೆಯ ಹಿಂದೆ ಆ ಸಂಖ್ಯೆಯನ್ನು ಭಾಗಿಸುವ ಇಪ್ಪತ್ತೈದು ಸಂಖ್ಯೆಗಳನ್ನು ಬರೆದು ಅವರ ಮುಂದಿಟ್ಟರು. "ಕೂಡಿ."

ಫೋರ್‌ಮನ್ ಮೊದಲ ಸಲ ತಪ್ಪಿದರು. ಹಟ ಹಿಡಿದು ಮತ್ತೆ ಕುಳಿತರು. ಎರಡನೇ ಸಲ ಕೊನೆಯ ಅಂಕಿಯವರೆಗೂ ತಾಳೆಯಾದಾಗ, "ಏ, ಎಲ್ರೂ ಬನ್ರೋ ಇಲ್ಲಿ!" ಎಂದು ಕೂಗಿಯೇಬಿಟ್ಟರು.

ಮುನ್ನೂರ ಮೂವತ್ತೈದು ಬಿದ್ದ ಮೇಲೆ ನಂಬರಕ್ಕ ಎದ್ದು ನಿಂತಳು. "ಇದನ್ನ ನೀವೇ ತುಳೀರಿ ಅತ್ತೆ."

ಅತ್ತೆ ನೋವಿಲ್ಲದ ಕಾಲನ್ನು ಪೆಡಲ್ ಮೇಲಿಟ್ಟು ಒತ್ತಿದರು. ಹಸಿ ಶಾಯಿಯಲ್ಲಿ 33550336 ಮೂಡಿತು. ಅವರು ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದರು. ಸೊಸೆಯ ಮುಖ ಊರಗಲವಾಯಿತು.

ಫೋರ್‌ಮನ್ ಸಂಕೋಚದಿಂದ, "ಟಿಕೆಟ್ ಮಾತ್ರ ಕೊಡೋಕಾಗಲ್ಲ ಅಮ್ಮಾ, ಲೆಕ್ಕದ್ದು" ಎಂದರು.

"ನನಗ್ಯಾಕಪ್ಪ? ಯಾರಾದ್ರೂ ಕಿಟಕಿ ಪಕ್ಕ ಕೂತು ಆರಾಮಾಗಿ ಹೋಗ್ಲಿ."

ಆಮೇಲೆ ಮುದ್ರಣಾಲಯದವರೆಲ್ಲ ತಮ್ಮ ಮನೆ ನಂಬರು, ಗಾಡಿ ನಂಬರು ಹೊತ್ತು ನಂಬರಕ್ಕನ ಬಳಿ ಬರತೊಡಗಿದರು. ಎರಡು ಊಟದ ಬಿಡುವು ಲೆಕ್ಕದಲ್ಲೇ ಕಳೆದು, ಫೋರ್‌ಮನ್ನರ ಸ್ಕೂಟರ್ ಸಂಖ್ಯೆ ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಎಂದು ಅವಳು ಹೇಳಿದಳು. ಅವರು ಆ ದಿನವೆಲ್ಲ ಎದೆಯುಬ್ಬಿಸಿ ಓಡಾಡಿದರು.