ಎರಡು ಮೇಳದ ಚೆಂಬಣ್ಣ

ಬಡವನಹಳ್ಳಿ ಕಡೆ ತೊಗಲುಗೊಂಬೆ ಆಡಿಸುವವರು ಬೇಕಾದಷ್ಟು ಜನ ಇದ್ದರು. ಆದರೆ ಹೊಟ್ಟೆ ಹುಣ್ಣಾಗುವ ಹಾಗೆ ನಗಿಸಿದವನು ತಿಮ್ಮರಾಯಪ್ಪ ಒಬ್ಬನೇ. ಕಾಡಸಿದ್ದಪ್ಪನ ಮೇಳದಲ್ಲಿ ಪರದೆಯ ಹಿಂದೆ ಕೂತು ಹಾಸ್ಯದ ಗೊಂಬೆ ಕುಣಿಸುವುದು ಅವನ ಕೆಲಸ. ರಾಮ, ರಾವಣರ ಗೊಂಬೆಗಳೆಲ್ಲ ಹಿರಿಯರ ಕಾಲದವು. ಚೆಂಬಣ್ಣ ಮಾತ್ರ ಅವನೇ ಮೇಕೆ ತೊಗಲು ಹದ ಮಾಡಿ, ಉಳಿಯಲ್ಲಿ ಕೊರೆದು, ಬಣ್ಣ ಕಟ್ಟಿದ ಗೊಂಬೆ. ಬೆಳಿಗ್ಗೆ ಚೆಂಬು ಹಿಡಿದು ಬಯಲಿಗೆ ಹೊರಟ ಚೆಂಬಣ್ಣ, ಪಾಪ, ಲಂಕೆಯ ಯುದ್ಧದ ನಡುವೆ ಸಿಕ್ಕಿಹಾಕಿಕೊಳ್ಳುತ್ತಾನೆ. ಆ ಕಡೆ ಕಪಿಗಳು, ಈ ಕಡೆ ರಾಕ್ಷಸರು. "ತಡೀರಪ್ಪೋ, ಇಂಗೋಗಿ ಅಂಗ್ ಬಂದ್ಬುಡ್ತೀನಿ!" ಎಂದು ಓಡಿದರೆ ಕಾಲೊಂದು ದಿಕ್ಕಿಗೆ, ತಲೆಯೊಂದು ದಿಕ್ಕಿಗೆ. ಮುಂದೆ ಕೂತ ಮುದುಕರು ಕೂಡ ಪಂಚೆಯ ಚುಂಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ತಿಮ್ಮರಾಯಪ್ಪನಿಗೆ ಮಕ್ಕಳಿರಲಿಲ್ಲ. "ನನ್ನ ಹೊಟ್ಟೇಲಿ ಹುಟ್ಟದಿದ್ರೇನು, ನಿನ್ನ ಕೈಯಾಗ್ ಒಬ್ಬ ಹುಟ್ಟವ್ನಲ್ಲ" ಎಂದು ಹೆಂಡತಿ ಹನುಮಕ್ಕ ಅಂದಾಗ ಅವನು ಸುಮ್ಮನೆ ನಕ್ಕುಬಿಡುತ್ತಿದ್ದ. ಒಳಗೊಳಗೇ ಅದು ನಿಜ ಅಂತಲೇ ಅವನ ಎಣಿಕೆ.

ಮಹಾರಾಜರ ಬೆಳ್ಳಿಹಬ್ಬದ ವರ್ಷ ಜಗಳ ಹತ್ತಿಕೊಂಡಿತು. ಆಟ ಆಡಿಸಿದ ಊರಿನ ಗೌಡನೊಬ್ಬ, ರಾಮಾಯಣದಲ್ಲಿ ರಾಮನೇ ಕಾಣಲ್ಲ, ಬರೀ ಚೆಂಬಣ್ಣನದ್ದೇ ದರ್ಬಾರು ಎಂದು ಮುಖ ಸಿಂಡರಿಸಿದ. ಕಾಡಸಿದ್ದಪ್ಪ ಮೇಳದ ಯಜಮಾನ, ಊರೂರಿಗೆ ತಿರುಗಿ ಬದುಕಬೇಕಾದವನು. "ಒಸಿ ಕಮ್ಮಿ ಮಾಡ್ಲಾ" ಎಂದ. ತಿಮ್ಮರಾಯಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ.

"ಅಂಗಾರೆ ನಾನೂ ಇರಾಕಿಲ್ಲ. ನನ್ನ ಚೆಂಬಣ್ಣನ್ನ ಕೊಟ್ಬುಡು, ಹೊಂಟೋಯ್ತೀನಿ."

"ಪೆಟ್ಟಿಗೆ ಸೇರಿದ ಗೊಂಬೆ ಮೇಳದ್ದು ಕಣ್ಲಾ. ನಮ್ಮಪ್ಪ ಕೊರೆದಿದ್ದೂ ಅಂಗೇಯ. ನಿಂಗೊತ್ತಿಲ್ವಾ?"

ಗೊತ್ತಿಲ್ಲದೆ ಏನು! ಯಾವ ಮೇಳದಲ್ಲೂ ಅದೇ ಕಟ್ಟಳೆ. ಬಿಟ್ಟು ಹೋಗುವವನಿಗೆ ಅವನ ಉಳಿಗಳಷ್ಟೇ. ಅವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಹೆಂಡತಿಯನ್ನು ಕರೆದುಕೊಂಡು ಪಾವಗಡದ ದಾರಿ ಹಿಡಿದ.

ಅಲ್ಲಿ ನರಸಮ್ಮ ಎಂಬ ಗಟ್ಟಿಗಿತ್ತಿ, ಗಂಡ ಸತ್ತ ಮೇಲೆ ತಾನೇ ಮೇಳ ನಡೆಸುತ್ತಿದ್ದಳು. ಬಂದವನಿಗೆ ಮನೆ ಕೊಟ್ಟಳು, ರಾಗಿ ಕೊಟ್ಟಳು. ಆಮೇಲೆ ತೆಲುಗು ಬೆರೆಸಿ ಮೆಲ್ಲಗೆ ಕೇಳಿದಳು. "ಏಂ ನಾಯನಾ, ಆ ಚೆಂಬಣ್ಣನ್ನ ನಮಗೂ ಒಂದು ಕೊರೆದುಕೊಡು."

ತಿಮ್ಮರಾಯಪ್ಪ ಹಿಂಜರಿದ. ಒಂದು ಗೊಂಬೆ ಆಡುತ್ತಿರುವಾಗ ಅದರದೇ ರೂಪ ಇನ್ನೊಂದನ್ನು ಕೊರೆಯುವಂತಿಲ್ಲ. ಹಳೆಯದು ಹರಿದು ಸವೆದರೆ ಅದನ್ನು ಹೊಳೆಗೆ ಬಿಟ್ಟು, ತಲೆ ಮೇಲೆ ನೀರು ಹಾಕಿಕೊಂಡು ಸೂತಕ ಕಳೆದು, ಆಮೇಲೆ ಹೊಸದು. ಒಂದು ರೂಪಕ್ಕೆ ಒಂದೇ ಜೀವ ಅಂತ ಗೊಂಬೆಯಾಟದವರ ನಂಬಿಕೆ. ಬೇಡ ಬೇಡ ಅಂದುಕೊಂಡೇ ಇದ್ದ, ಆದರೆ ಕೈ ಕೇಳಬೇಕಲ್ಲ! ಚೆಂಬಣ್ಣನಿಲ್ಲದೆ ಪರದೆಯ ಹಿಂದೆ ಕೂರುವುದು ಅವನಿಂದ ಆಗಲಿಲ್ಲ. ಕೊನೆಗೊಂದು ದಿನ ಕೊರೆದೇಬಿಟ್ಟ.

ಕೊರೆದ, ಆದರೆ ಚೆಂಬಣ್ಣ ಏಳಲಿಲ್ಲ. ಅಲ್ಲಿನ ಜನರಿಗೆ ತೆಲುಗು ಬೆರೆಸಿ ಮಾತಾಡಬೇಕು. ತಿಮ್ಮರಾಯಪ್ಪನ ನಾಲಗೆಗೆ ಅದು ಹೊಂದಲಿಲ್ಲ. ಮಾತು ಬೇರೆಯವನು ಆಡಿದ, ಇವನು ಕುಣಿಸಿದ, ನಗು ಬರಬೇಕಾದ ಕಡೆ ಜನ ಆಕಳಿಸಿದರು. ಅವನಿಗೆ ಅನ್ನ ಸೇರದಾಯಿತು.

"ಓಗಾನ ಬಾ. ಕಾಲಿಗೆ ಬಿದ್ರಾತು, ಕಾಡಸಿದ್ದಪ್ಪ ಏನ್ ನುಂಗ್ಬುಟ್ಟಾನಾ?" ಎಂದಳು ಹನುಮಕ್ಕ.

ಪಾವಗಡದ ಗೊಂಬೆಯನ್ನು ನರಸಮ್ಮನ ಪೆಟ್ಟಿಗೆಯಲ್ಲೇ ಬಿಟ್ಟು ಇಬ್ಬರೂ ವಾಪಸು ಹೊರಟರು. ದಾರಿಯುದ್ದಕ್ಕೂ ತಿಮ್ಮರಾಯಪ್ಪನಿಗೆ ಒಂದೇ ಆಸೆ. ಬೈಸಿಕೊಂಡರೂ ಸರಿ, ತನ್ನ ಚೆಂಬಣ್ಣನನ್ನು ಕೈಯಲ್ಲಿ ಹಿಡಿಯಬೇಕು.

ಕಾಡಸಿದ್ದಪ್ಪ ಬೈಯಲಿಲ್ಲ. ಜಗಲಿಯಿಂದ ಎದ್ದು ಬಂದು ತೋಳು ಹಿಡಿದು ಒಳಗೆ ಕರೆದೊಯ್ದ. ತಿಮ್ಮರಾಯಪ್ಪ ತಾನೇ ಪೆಟ್ಟಿಗೆ ತೆಗೆದ. ಒಂದೊಂದೇ ಗೊಂಬೆ ಎತ್ತಿ ಪಕ್ಕಕ್ಕಿಟ್ಟು ತಳ ಮುಟ್ಟಿದ. ಚೆಂಬಣ್ಣ ಇರಲಿಲ್ಲ.

"ನೀನು ಅಲ್ಲಿ ಹೊಸದು ಕೊರೆದೆ ಅಂತ ಸುದ್ದಿ ಬಂತು ಕಣಪ್ಪ" ಎಂದ ಕಾಡಸಿದ್ದಪ್ಪ. "ಹುಟ್ಟಿಸಿದೋನೇ ಇನ್ನೊಂದು ಕೊರೆದ್ಮೇಲೆ ನಮ್ಮಲ್ಲಿದ್ದಿದ್ದು ಸತ್ತಂಗೆ ಅಲ್ವಾ? ಜಯಮಂಗಲಿ ಹೊಳೆಗೆ ಬುಟ್ಟು, ಎಲ್ಲಾರೂ ತಲೆ ಮ್ಯಾಲೆ ನೀರು ಹಾಕ್ಕಂಡ್ ಬಂದ್ವಿ. ಸಿಟ್ಟಿಗೆ ಮಾಡ್ಲಿಲ್ಲ, ದೇವ್ರಾಣೆ."

"ಮತ್ತೆ ಕೊರೀತೀನಿ" ಎಂದ ತಿಮ್ಮರಾಯಪ್ಪ.

"ಹೆಂಗ್ ಕೊರೀತೀಯಪ್ಪಾ? ಪಾವಗಡದ ಚೆಂಬಣ್ಣ ಇನ್ನೂ ಬದುಕವ್ನೆ."

ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಕಾಡಸಿದ್ದಪ್ಪನ ಕಣ್ಣಲ್ಲೇ ನೀರಿತ್ತು.

"ಹಡೆದಪ್ಪ ನೀನು, ಸುದ್ದಿ ತಿಳ್ದ ಮ್ಯಾಲೆ ನಿಂಗೂ ಸೂತಕ ಐತೆ. ಬಾ" ಎಂದು ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಹನುಮಕ್ಕ ಬಾವಿಯಿಂದ ಒಂದು ಬಿಂದಿಗೆ ಸೇದಿ ತಂದಳು. ತಿಮ್ಮರಾಯಪ್ಪ ಕಲ್ಲಿನ ಮೇಲೆ ಕೂತು ತಲೆ ಬಗ್ಗಿಸಿದ.