ತಮ್ಮನ ಪಾಳಿ

ಅವ್ವನ ದಿನಕರ್ಮ ಮುಗಿದ ಮರುದಿನವೇ ಹಿರಿಯರು ಸಿರುಗುಪ್ಪದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಹಂಚಿಕೆ ಮಾಡಿದರು. ಗದ್ದೆ ಹಂಚಿದರು, ಎತ್ತು ಹಂಚಿದರು, ಕೊನೆಗೆ ನನ್ನ ತಮ್ಮನನ್ನೂ ಹಂಚಿದರು. ಅವನಿಗೆ ಆಗ ಇಪ್ಪತ್ತೆರಡು ವರ್ಷ. ಆಳು ಬೆಳೆದಿದ್ದ, ಬುದ್ಧಿ ಮಾತ್ರ ನಾಲ್ಕೈದು ವರ್ಷದ ಕೂಸಿನದು. ಹೊಳೆಯಾಚೆ ನಿಜಾಮನ ಸೀಮೆಯಲ್ಲಿ ರಜಾಕಾರರ ಗಲಾಟೆ ಎದ್ದಿದ್ದ ಕಾಲ. ಊರೆಲ್ಲ ಅದೇ ಮಾತು. ನಾನು ಕಣ್ಣಾರೆ ಕಂಡ ಹೊಡೆದಾಟ ಮಾತ್ರ ನಮ್ಮ ಮನೆಯದೇ.

ನಮ್ಮ ಕಡೆ ಮುದಿ ತಾಯಿಯನ್ನು ಗಂಡುಮಕ್ಕಳು ಪಾಳಿಯ ಮೇಲೆ ಸಾಕುವುದುಂಟು. ತಮ್ಮನಿಗೂ ಅದನ್ನೇ ಹಚ್ಚಿದರು. ನಾಲ್ಕು ತಿಂಗಳು ಬಳ್ಳಾರಿಯಲ್ಲಿ ಸಣ್ಣಣ್ಣನ ಮನೆ, ನಾಲ್ಕು ತಿಂಗಳು ದೇಶನೂರಿನಲ್ಲಿ ದೊಡ್ಡಣ್ಣನ ಮನೆ, ಅವನ ಉಸಿರು ಇರುವ ತನಕ. ಅವ್ವನೂ ಅವನೂ ಇಬ್ಬರೇ ಇದ್ದ ಮನೆಗೆ ಬೀಗ. ನಾನು ಕುರುಗೋಡಿಗೆ ಕೊಟ್ಟ ಹೆಣ್ಣು. ನನ್ನ ಬಾಯಿ ಜೋರೆಂದು ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಯಾರೂ ನನ್ನನ್ನು ಕೇಳಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಬಳ್ಳಾರಿಗೆ ಹೋದೆ. ಸಣ್ಣಣ್ಣ ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತ, ಮನೆ ಎರಡೇ ಕೋಣೆ. ತಮ್ಮನನ್ನು ಬಾವಿಯ ಹಗ್ಗದಿಂದ ಕಂಬಕ್ಕೆ ಕಟ್ಟಿದ್ದ. ಮಣಿಕಟ್ಟಿನ ಚರ್ಮ ಸುಲಿದು ನೊಣ ಮುತ್ತಿದ್ದವು. ಗೋಡೆಗೆ ತಲೆ ಬಡಿದು ಬಡಿದು ಹಣೆ ಒಡೆದಿತ್ತು. ಅತ್ತಿಗೆಯ ಮುರಿದ ಕೈಗೂ ಪಟ್ಟಿ ಕಟ್ಟಿತ್ತು.

"ಮನಿಗೆ ಹೋಗಾಕ ಬಾಗ್ಲ ತಗಿ ಅಂತಾನ. ತಗೀಲಿಲ್ಲಂತ ಅಕೀನ ಎತ್ತಿ ಒಗದ," ಎಂದ ಸಣ್ಣಣ್ಣ. ಅವನ ಕಣ್ಣಲ್ಲಿ ನೀರು ಬಂತು. ನನಗೆ ಅವನ ಮೇಲೆ ಕನಿಕರ ಬರಲಿಲ್ಲ.

ಪಾಳಿ ಬದಲಿಸುವ ದಿನ ಬಂಡಿಯಲ್ಲಿ ತಮ್ಮನ ಪಕ್ಕ ನಾನೇ ಕೂತೆ. ಸಿರುಗುಪ್ಪದ ಓಣಿ ಬರುತ್ತಲೇ ಅವನು ಜಿಗಿದು ಓಡಿ ನಮ್ಮ ಮನೆಯ ಬಾಗಿಲ ಚಿಲಕ ಹಿಡಿದುಕೊಂಡ. ಕರೆದೊಯ್ಯಲು ಕಾದಿದ್ದ ದೊಡ್ಡಣ್ಣ ಎಳೆದ, ಬರಲಿಲ್ಲ. ಬಾರುಕೋಲು ತೆಗೆದುಕೊಂಡು ಬಾರಿಸಿದ. ಬೆನ್ನ ಮೇಲೆ ಅಂಗಿ ಹರಿಯಿತು, ಅದರ ಕೆಳಗೆ ಚರ್ಮ ಹರಿಯಿತು. ತಮ್ಮ ತಿರುಗಿ ಅವನ ತೋಳಿಗೆ ಬಾಯಿ ಹಾಕಿದ. ಮಾಂಸ ಕಿತ್ತು ಬಂದರೂ ಬಿಡಲಿಲ್ಲ. ದೊಡ್ಡಣ್ಣ ಕೋಲಿನ ಹಿಡಿಯಿಂದ ಅವನ ತಲೆಗೆ ಬಡಿಯತೊಡಗಿದ. ಕೊಲ್ಲುತ್ತಾನೆ ಅನ್ನಿಸಿತು. ಬಂಡಿಯ ಗೂಟ ಕಿತ್ತುಕೊಂಡು ಒಡಹುಟ್ಟಿದ ಅಣ್ಣನ ಹೆಗಲಿಗೆ ಹಾಕಿದೆ. ಎಲುಬು ಮುರಿದ ಸದ್ದು ನನಗೇ ಕೇಳಿಸಿತು.

ಹಿರಿಯರು ಓಡಿಬಂದರು. ಗೂಟ ಕೆಳಗಿಡದೆಯೇ ಹೇಳಿದೆ: "ಪಾಳಿ ಮ್ಯಾಲ ಹೋಗೋ ಮುದುಕಿಗಾದ್ರ ಯಾಕ ಹೊಂಟೀನಿ ಅಂತ ಗೊತ್ತಿರತೈತಿ. ಇವಗ ಏನ್ ಗೊತ್ತೈತ್ರಿ? ಇವ ಇಲ್ಲೇ ಇರ್ಲಿ. ಪಾಳಿ ನಮ್ದು, ನಾವು ಮೂರೂ ಮಂದಿ ಒಬ್ಬೊಬ್ರಾಗಿ ಬಂದಿರ್ತೀವಿ."

"ಕೊಟ್ಟ ಹೆಣ್ಣಿಗೆ ಪಾಳಿ ಎಲ್ಲೈತಿ ತಾಯಿ?" ಎಂದರು ಒಬ್ಬರು.

"ಐತಿ. ಮೊದ್ಲನೇದು ನಂದ. ಬೀಗ ತಗೀರಿ."

ಕುರುಗೋಡಿನಲ್ಲಿ ಅತ್ತೆ ತಂಬಿಗೆ ಎಸೆದರು, ನನ್ನ ಗಂಡ ಮಾತು ಬಿಟ್ಟರು. ಆದರೂ ಬಂದೆ. ತಮ್ಮ ಒಲೆಯ ಬಳಿ ತನ್ನ ಜಾಗದಲ್ಲಿ ಕೂತು ಉಂಡ. ಹಿತ್ತಲು ಗುಡಿಸಿದ. ಹೊಡೆಯುವವರ ಕೈಯಿಂದ ಅವನನ್ನು ಉಳಿಸಿದೆ ಎಂದು ಬೀಗಿದೆ, ಓಣಿಯಲ್ಲಿ ಕೊಚ್ಚಿಕೊಂಡೆ ಕೂಡ.

ಮೂರನೆಯ ತಿಂಗಳಲ್ಲಿ ನನಗೆ ಚಳಿಜ್ವರ ಬಂತು. ಅವನು ಬೆಳಗಿನಿಂದ "ಅವ್ವ, ಅವ್ವ" ಎಂದು ಕೂಗುತ್ತ ನನ್ನ ಕೂದಲು ಹಿಡಿದು ಜಗ್ಗುತ್ತಿದ್ದ. ಇಳಿಸಿದ ಅನ್ನದ ಗಡಿಗೆಯನ್ನು ಒದ್ದ. ಬಿಸಿ ಗಂಜಿ ನನ್ನ ಕಾಲ ಮೇಲೆ ಬಿತ್ತು. ಒಲೆಯಿಂದ ಉರಿಯುವ ಸೌದೆ ಹಿರಿದು ಹೊಡೆದೆ. ಮೂಲೆಗೆ ಮುದುಡಿ ಕೈ ಅಡ್ಡ ಹಿಡಿದ ಮೇಲೂ ಹೊಡೆದೆ. ಹೊಡೆಯುವಾಗ ಹಿತವಾಗಿತ್ತು. ಅದನ್ನು ಮುಚ್ಚಿಡಲಾರೆ. ಸೌದೆ ಮುರಿದಾಗ ನಿಲ್ಲಿಸಿದೆ.

ದೇಶನೂರಿಗೆ ಹೊರಟಿದ್ದ ಬಂಡಿಯವನ ಕೈಲಿ ಕೂಡಲೇ ಬಾ ಎಂದು ಹೇಳಿಕಳಿಸಿದೆ. ಮಧ್ಯಾಹ್ನವೇ ದೊಡ್ಡಣ್ಣ ಬಂದ. ಅವನ ಹೆಗಲು ಇನ್ನೂ ಸೊಟ್ಟಗಿತ್ತು. ತಮ್ಮನ ತೋಳಿನ ಸುಟ್ಟ ಬೊಕ್ಕೆಗಳಿಗೆ ಎಣ್ಣೆ ಹಚ್ಚತೊಡಗಿದ.

"ನಾನ ಹೊಡದೆ, ಅಣ್ಣ. ಕೊಂದ ಬಿಡ್ತಿದ್ದೆ."

ಹಂಗಿಸುತ್ತಾನೆ ಎಂದುಕೊಂಡೆ. ಅವನು ಎಣ್ಣೆ ಹಚ್ಚುತ್ತಲೇ ಹೇಳಿದ:

"ಅವ್ವನೂ ಇವನ್ನ ಹೊಡೀತಿದ್ಲು. ಕೊಟ್ಟಿಗಿ ಬಾಗ್ಲ ಹಾಕ್ಕೊಂಡು ಹೊಡೀತಿದ್ಲು. ಆಮ್ಯಾಲೆ ಅಲ್ಲೇ ಕುಂತು ಅಳ್ತಿದ್ಲು. ನಾ ಬಂದಾಗ ಕಂಡೀನಿ. ನೀ ಕುರುಗೋಡಾಗಿದ್ದಿ, ನಿನಗ ಗೊತ್ತಿಲ್ಲ."

"ಸುಳ್ಳು," ಎಂದು ಕಿರುಚಿದೆ. ಅವ್ವ ಎಂದೂ ಅವನ ಮೇಲೆ ಕೈ ಎತ್ತಿರಲಿಲ್ಲ ಎಂದು ನಂಬಿಯೇ ನಾನು ಇಷ್ಟೆಲ್ಲ ಮಾಡಿದ್ದೆ.

"ಇನ್ನಮ್ಯಾಲೆ ಕೈ ಏಳೂಕಿಂತ ಮೊದ್ಲ ಹೇಳಿಕಳ್ಸು," ಎಂದ ಅವನು. "ನಿನಗ ನಾ ಅದೀನಿ, ಬಂದೆ. ಅವ್ವ ಯಾರನ್ನ ಕರೀಬೇಕಿತ್ತು?"